ಗೋಣಿತಟ್ಟು, ಎರೆಮಣ್ಣು, ಒಂದು ಎಳೆ: ಮಿನಿಮಲಿಸ್ಟ್ ಅಮೂರ್ತ ಚಿತ್ರವನ್ನು ಕೈಯಾರೆ ಮಾಡುವ ವಿಧಾನ

ಇಲ್ಲಿ ವಿವರಿಸುವ ಚಿತ್ರಕ್ಕೆ ಬೇಕಾಗುವುದು ಒಂದು ಹಳೆಯ ಸಕ್ಕರೆ ಚೀಲ, ನಾಲ್ಕು ಬೊಗಸೆ ಎರೆಮಣ್ಣು, ಎರಡು ಹಿಡಿ ಹುಣಸೆಬೀಜ, ನಾಲ್ಕು ಕಟ್ಟಿಗೆಯ ಪಟ್ಟಿ ಮತ್ತು ಒಂದು ಮಾರು ನೂಲು. ಬಾಗಲಕೋಟೆಯ ನವನಗರದಲ್ಲಿರುವ ನನ್ನ ಮನೆಯ ಹಿಂದಿನ ಪಡಸಾಲೆಯಲ್ಲಿ ಈ ಕೆಲಸಕ್ಕೆ ಸಾಮಾನ್ಯವಾಗಿ 12 ದಿನ ಹಿಡಿಯುತ್ತದೆ. ಅದರಲ್ಲಿ ಕೈ ಆಡಿಸುವ ಹೊತ್ತು ಕಡಿಮೆ, ಒಣಗಲು ಬಿಡುವ ಹೊತ್ತು ಹೆಚ್ಚು. ಅಂಗಡಿಯಿಂದ ಕ್ಯಾನ್ವಾಸ್ ಮತ್ತು ಬಣ್ಣದ ಟ್ಯೂಬುಗಳನ್ನು ತಂದು ಇದೇ ಚಿತ್ರವನ್ನು ಒಂದು ಸಂಜೆಯಲ್ಲಿ ಮಾಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಮಾಡಬಹುದು, ಆದರೆ ಅದು ಬೇರೆ ಚಿತ್ರವಾಗುತ್ತದೆ. ಆಕಾರ, ಬಣ್ಣ, ಕಥೆ ಎಲ್ಲವನ್ನೂ ಬಿಟ್ಟುಕೊಟ್ಟ ಚಿತ್ರದಲ್ಲಿ ನೋಡುವವರ ಕಣ್ಣಿಗೆ ಉಳಿಯುವುದು ವಸ್ತು ಮತ್ತು ಅದರ ಮೇಲೆ ಕೈ ನಡೆದ ಗುರುತು ಎರಡೇ. ಆದ್ದರಿಂದ ಚಿತ್ರ ಗೆಲ್ಲುವುದೂ ಸೋಲುವುದೂ ಈ ಎರಡರಲ್ಲಿಯೇ.

ಒಂದು ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳುವುದು ಒಳ್ಳೆಯದು. 1960ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಮಿನಿಮಲಿಸಂ ಎಂಬ ಹೆಸರು ಪಡೆದ ಕಲೆಯಲ್ಲಿ ಕೈಕೆಲಸವನ್ನು ಬಹುಮಟ್ಟಿಗೆ ದೂರವಿಡಲಾಗಿತ್ತು. ಡೊನಾಲ್ಡ್ ಜಡ್ ತನ್ನ ಲೋಹದ ಪೆಟ್ಟಿಗೆಗಳನ್ನು ಕಾರ್ಖಾನೆಯಲ್ಲಿ ಮಾಡಿಸುತ್ತಿದ್ದ. ಕಾರ್ಲ್ ಆಂಡ್ರೆ 1966ರಲ್ಲಿ 120 ಇಟ್ಟಿಗೆಗಳನ್ನು ನೆಲದ ಮೇಲೆ ಎರಡು ಪದರವಾಗಿ ಜೋಡಿಸಿ ಅದನ್ನೇ ಶಿಲ್ಪವೆಂದ. ಇಟ್ಟಿಗೆ ಬಡವರ ವಸ್ತುವೇ ಸರಿ, ಆದರೆ ಅಲ್ಲಿ ಕೈಯ ಗುರುತು ಇರಲಿಲ್ಲ. ನಾವು ಹಿಡಿಯುವ ದಾರಿ ಬೇರೆ. ಕೆನಡಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬದುಕಿದ ಆಗ್ನೆಸ್ ಮಾರ್ಟಿನ್ (1912–2004) 6 ಅಡಿ ಚೌಕದ ಕ್ಯಾನ್ವಾಸಿನ ಮೇಲೆ ಸೀಸದ ಕಡ್ಡಿಯಿಂದ ಗೆರೆ ಎಳೆಯುತ್ತಿದ್ದಳು. ಬಟ್ಟೆಯ ಉಬ್ಬುತಗ್ಗಿನ ಮೇಲೆ ಕಡ್ಡಿ ಹಾಯುವಾಗ ಗೆರೆ ಎಲ್ಲೆಲ್ಲಿ ನಡುಗಿತೋ ಅದನ್ನು ಹಾಗೆಯೇ ಉಳಿಸುತ್ತಿದ್ದಳು. ಕರಾಚಿಯಲ್ಲಿ ಹುಟ್ಟಿ ಬರೋಡಾದಲ್ಲಿ ಪಾಠ ಹೇಳಿದ ನಸ್ರೀನ್ ಮೊಹಮದಿ (1937–1990) ಕಾಗದ, ಮಸಿ ಮತ್ತು ಪೆನ್ಸಿಲ್ಲಿನಿಂದಾಚೆಗೆ ಹೆಚ್ಚೇನನ್ನೂ ಬೇಡಲಿಲ್ಲ. ಇವರ ಚಿತ್ರಗಳನ್ನು ಒಮ್ಮೆ ಚೆನ್ನಾಗಿ ನೋಡಿಟ್ಟುಕೊಂಡರೆ ಮುಂದಿನ ಹಂತಗಳು ಸುಲಭವಾಗಿ ಅರ್ಥವಾಗುತ್ತವೆ.

ಚೀಲವನ್ನು ಆರಿಸುವುದು ಮತ್ತು ತೊಳೆಯುವುದು

ಗೋಣಿಚೀಲವನ್ನು ಚಿತ್ರಕ್ಕೆ ತಂದವರಲ್ಲಿ ಇಟಲಿಯ ಅಲ್ಬೆರ್ತೊ ಬುರಿ (1915–1995) ಪ್ರಮುಖ. ಆತ ಓದಿದ್ದು ವೈದ್ಯಶಾಸ್ತ್ರ. ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕಿ, ಟೆಕ್ಸಾಸಿನ ಹಿಯರ್ಫರ್ಡ್ ಶಿಬಿರದಲ್ಲಿದ್ದಾಗ ಸಿಕ್ಕಿದ ಗೋಣಿತಟ್ಟಿನ ಮೇಲೆಯೇ ಚಿತ್ರ ಬರೆಯಲು ತೊಡಗಿದ. 1950ರ ದಶಕದಲ್ಲಿ ಹರಕು ಚೀಲಗಳನ್ನು ಹೊಲಿದು ಮಾಡಿದ ಚಿತ್ರಗಳಿಂದ ಹೆಸರಾದ. ನಮ್ಮ ಮನೆಗಳಲ್ಲಿ ಅವ್ವಂದಿರು ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುವುದನ್ನು ಕಂಡವರಿಗೆ ಈ ಕೆಲಸ ಅಷ್ಟೇನೂ ವಿಚಿತ್ರವೆನಿಸಲಾರದು.

ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಸಕ್ಕರೆ ಕಾರ್ಖಾನೆಗಳು ಹೆಚ್ಚಾಗಿರುವುದರಿಂದ 50 ಕಿಲೋದ ಸೆಣಬಿನ ಚೀಲಗಳು ಕಿರಾಣಿ ಅಂಗಡಿಗಳಲ್ಲಿ ಸಿಗುತ್ತವೆ. ಗೊಬ್ಬರದ ಚೀಲ, ಉಳ್ಳಾಗಡ್ಡಿಯ ಜಾಳಿಗೆ ಚೀಲ ಎರಡೂ ಬೇಡ. ಅವು ಪ್ಲಾಸ್ಟಿಕ್ ಆದ್ದರಿಂದ ಅಂಟನ್ನೂ ಮಣ್ಣನ್ನೂ ಹಿಡಿಯುವುದಿಲ್ಲ. ಸೆಣಬಿನ ಚೀಲಗಳಲ್ಲಿಯೂ ನೇಯ್ಗೆ ಒಂದೇ ತೆರನಾಗಿರುವುದಿಲ್ಲ. ಒಂದೆಳೆ ಮೇಲೆ, ಒಂದೆಳೆ ಕೆಳಗೆ ಹಾಯುವ ಸಾದಾ ನೇಯ್ಗೆಯ ಚೀಲ ಈ ಕೆಲಸಕ್ಕೆ ತಕ್ಕದ್ದು. ಓರೆಗೆರೆ ಕಾಣುವ ದಟ್ಟ ನೇಯ್ಗೆಯ ಚೀಲದಲ್ಲಿ ಎಳೆ ಹಿರಿಯುವುದು ಕಷ್ಟವಾಗುತ್ತದೆ. ಚೀಲವನ್ನು ಬೆಳಕಿಗೆ ಹಿಡಿದು ನೋಡಿದಾಗ ಸಣ್ಣ ಚೌಕಗಳ ಜಾಲರಿ ಕಾಣಬೇಕು.

ಹೊಲಿಗೆಯನ್ನು ಬಿಚ್ಚಿ ಚೀಲವನ್ನು ಅಗಲವಾಗಿ ಹಾಸಿ 75 ಸೆಂ.ಮೀ. ಚೌಕದ ತುಂಡನ್ನು ಕತ್ತರಿಸಿಕೊಳ್ಳಿರಿ. ಹೊಲಿಗೆಯ ಸುತಳಿಯನ್ನು ಎಸೆಯಬೇಡಿರಿ. ತೂಗುಹಾಕಲು ಅದೇ ಸಾಕಾಗುತ್ತದೆ. ಕತ್ತರಿಸುವ ಮೊದಲು ಅಂಚಿನಿಂದ ಒಂದು ಎಳೆಯನ್ನು ಪೂರ್ತಿ ಹಿರಿದು, ಅದು ಬಿಟ್ಟುಹೋದ ಸಂದಿನಗುಂಟ ಕತ್ತರಿ ಆಡಿಸಿದರೆ ತುಂಡು ಎಳೆಗೆ ನೇರವಾಗಿ ಬರುತ್ತದೆ. ಸೆಣಬನ್ನು ನೂಲುವಾಗ ನಾರು ಮೆತ್ತಗಾಗಲೆಂದು ಎಣ್ಣೆ ಬಳಸುವುದರಿಂದ ಹೊಸ ಚೀಲಕ್ಕೊಂದು ವಾಸನೆಯಿರುತ್ತದೆ; ಅದನ್ನು ತೊಳೆಯದೆ ಬಿಟ್ಟರೆ ಮುಂದೆ ಬಿಳಿಯ ಲೇಪದ ಮೇಲೆ ಹಳದಿ ಕಲೆ ಏಳಬಹುದು. ಒಂದು ಬಕೆಟ್ ಬಿಸಿನೀರಿಗೆ ಎರಡು ಚಮಚ ಬಟ್ಟೆಸೋಡಾ ಹಾಕಿ ಒಂದು ತಾಸು ನೆನೆಸಿ, ಎರಡು ಸಲ ತಿಳಿನೀರಿನಲ್ಲಿ ಜಾಲಾಡಿಸಿ, ನೆರಳಿನಲ್ಲಿ ಒಣಹಾಕಬೇಕು. ಹಿಂಡಬಾರದು, ಹಿಂಡಿದರೆ ಎಳೆಗಳು ಓರೆಯಾಗುತ್ತವೆ.

ಮಣ್ಣನ್ನು ಸೋಸುವುದು

ನಾನು ತರುವ ಎರೆಮಣ್ಣು ಬೀಳಗಿ ಕಡೆಯ ನೆಂಟರ ಜೋಳದ ಹೊಲದ್ದು. ದಖ್ಖನ್ನಿನ ಕಪ್ಪುಕಲ್ಲು ಸವೆದು ಆದ ಈ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಒಕ್ಕಲುತನ ಮಾಡುವ ಎಲ್ಲರಿಗೂ ಗೊತ್ತಿರುವ ಈ ಸಂಗತಿಯನ್ನು ನಾನು ಮೊದಲನೆಯ ಸಲ ಚಿತ್ರ ಮಾಡುವಾಗ ಮರೆತಿದ್ದೆ. ಮಣ್ಣನ್ನು ರೊಟ್ಟಿಯ ಹಿಟ್ಟಿನಂತೆ ನಾದಿ, ಅರ್ಧ ಬೆರಳು ದಪ್ಪಕ್ಕೆ ಮೆತ್ತಿದೆ. ಎರಡನೆಯ ದಿನ ಬೇಸಿಗೆಯ ಹೊಲದಂತೆ ಬಾಯಿಬಿಟ್ಟ ಮೇಲ್ಮೈಯನ್ನು ನೋಡಿ ಹಿಗ್ಗಿದೆ. ಮೂರನೆಯ ದಿನ ಅಂಗೈಯಗಲದ ಹೆಂಟೆಗಳು ಒಂದೊಂದಾಗಿ ಕಳಚಿ ನೆಲಕ್ಕೆ ಬಿದ್ದವು. ಕಸಬರಿಗೆಯಿಂದ ಬಳಿದು ಹಿತ್ತಲಿಗೆ ಚೆಲ್ಲಿದ್ದಾಯಿತು. ಬಿರುಕು ಬೇಕೆಂದೇ ಇದ್ದರೂ ಅದು ಎಳೆಯ ದಪ್ಪವನ್ನು ಮೀರಬಾರದು ಎಂಬುದು ಅಂದು ತಿಳಿಯಿತು.

ಸೋಸುವ ಕ್ರಮ ಹೀಗಿದೆ. ನಾಲ್ಕು ಬೊಗಸೆ ಮಣ್ಣನ್ನು ಒಂದು ಬಕೆಟ್ ನೀರಿನಲ್ಲಿ ಒಂದು ರಾತ್ರಿ ನೆನೆಹಾಕಿ, ಬೆಳಗ್ಗೆ ಕೈಯಿಂದ ಚೆನ್ನಾಗಿ ಕಲಕಬೇಕು. ಒಂದು ನಿಮಿಷ ಬಿಟ್ಟರೆ ಹರಳು, ಮರಳು, ಗರಸು ತಳಕ್ಕೆ ಕೂಡುತ್ತವೆ. ಬೇರಿನ ತುಣುಕುಗಳು ಮೇಲೆ ತೇಲುತ್ತವೆ. ತೇಲಿದ್ದನ್ನು ತೆಗೆದು, ತಳದ ಮರಳು ಅಲುಗದಂತೆ ಕಪ್ಪು ನೀರನ್ನು ಹಳೆಯ ಧೋತರದ ಮೂಲಕ ಮತ್ತೊಂದು ಪಾತ್ರೆಗೆ ಬಸಿಯಬೇಕು. ಒಂದೆರಡು ದಿನಕ್ಕೆ ಜೇಡಿ ತಳದಲ್ಲಿ ನಿಲ್ಲುತ್ತದೆ; ಮೇಲಿನ ತಿಳಿಯನ್ನು ಚೆಲ್ಲಿ, ಉಳಿದ ಕೆಸರನ್ನು ತಾಟಿನಲ್ಲಿ ಹರವಿ ಒಣಗಿಸಿ, ಕುಟ್ಟಿ, ಹಿಟ್ಟಿನ ಸಾಣಿಗೆಯಲ್ಲಿ ಜರಡಿ ಹಿಡಿಯಬೇಕು. ತಳದಲ್ಲಿ ಉಳಿದ ಸಣ್ಣ ಮರಳನ್ನು ತೊಳೆದು ಒಣಗಿಸಿ ಬೇರೆ ಇಟ್ಟುಕೊಳ್ಳಿರಿ. ಬಿರುಕನ್ನು ಹಿಡಿತದಲ್ಲಿಡಲು ಅದು ಬೇಕಾಗುತ್ತದೆ.

ಕೆಂಪು ಬೇಕೆನ್ನುವವರು ಬಾದಾಮಿ ಕಡೆಯ ಕೆಮ್ಮಣ್ಣನ್ನು ಬಳಸಬಹುದು. ಅಲ್ಲಿಯ ಮರಳುಗಲ್ಲಿಗೂ ಮಣ್ಣಿಗೂ ಕೆಂಪು ಕೊಡುವುದು ಕಬ್ಬಿಣದ ಆಕ್ಸೈಡ್. ಅದು ಬೆಳಕಿಗೆ ಮಾಸುವುದಿಲ್ಲ. ಗುಹೆಗಳ ಆಸುಪಾಸು ಸಂರಕ್ಷಿತ ಜಾಗವಾದ್ದರಿಂದ ಅಲ್ಲಿ ಕೈ ಹಚ್ಚಬಾರದು, ಯಾರಾದರೂ ರೈತರನ್ನು ಕೇಳಿ ಅವರ ಹೊಲದಿಂದಲೇ ತರಬೇಕು. ಅರಿಷಿಣದ ಹಂಬಲವನ್ನು ಮಾತ್ರ ಬಿಡಿರಿ. ಸುಣ್ಣ ತಾಗಿದರೆ ಅದು ಕೆಂಪಾಗುತ್ತದೆ, ಹಾಗೆಯೇ ಅಲ್ಲವೇ ಮನೆಯಲ್ಲಿ ಕುಂಕುಮ ಮಾಡುವುದು. ಬಿಸಿಲು ತಾಗಿದರೆ ಕೆಲವೇ ತಿಂಗಳಲ್ಲಿ ಬಿಳಿಚುತ್ತದೆ.

ಹುಣಸೆಬೀಜದ ಅಂಟು

ಫೆವಿಕಾಲ್ ಹಾಕಿದರೂ ಮಣ್ಣು ನಿಲ್ಲುತ್ತದೆ. ಆದರೆ ಅದರಿಂದ ಎರೆಮಣ್ಣಿನ ಮೇಲೆ ಒಂದು ಬಗೆಯ ಹೊಳಪು ಬಂದು ಮಣ್ಣು ಪ್ಲಾಸ್ಟಿಕ್ ಹೊದ್ದಂತೆ ಕಾಣುತ್ತದೆ. ಹುಣಸೆಬೀಜದ ಗಂಜಿ ನೇಕಾರಿಕೆಯಲ್ಲಿ ನೂಲಿಗೆ ಬಿಗಿ ಕೊಡಲು ಬಹುಕಾಲದಿಂದ ಬಳಕೆಯಲ್ಲಿದೆ. ಒಣಗಿದ ಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ.

ಬೀಜಗಳನ್ನು ಬಾಣಲೆಯಲ್ಲಿ ಸಿಪ್ಪೆ ಸಿಡಿಯುವವರೆಗೆ ಹುರಿದು, ಕುಟ್ಟಿ, ಕಂದು ಸಿಪ್ಪೆಯನ್ನು ಕೇರಿ ತೆಗೆಯಬೇಕು. ಒಳಗಿನ ಬಿಳಿ ಬೇಳೆ ಬಹಳ ಗಟ್ಟಿ, ಮಿಕ್ಸರ್ ಹಾಳಾದೀತು. ಗಿರಣಿಯಲ್ಲಿ ಬೀಸಿಸುವುದೇ ಲೇಸು. 50 ಗ್ರಾಂ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಟ್ಟು ಒಂದು ಲೀಟರ್ ನೀರು ಮಾಡಿ, ಸಣ್ಣ ಉರಿಯಲ್ಲಿ ಅರ್ಧ ತಾಸು ಕೈಬಿಡದೆ ತಿರುವಬೇಕು. ಮೊದಲು ಹಾಲಿನಂತಿದ್ದದ್ದು ಬರಬರುತ್ತ ಪಾರದರ್ಶಕವಾಗಿ, ಸೌಟನ್ನು ಎತ್ತಿದರೆ ದಪ್ಪ ಎಳೆಯಾಗಿ ಇಳಿಯತೊಡಗುತ್ತದೆ. ಅಲ್ಲಿಗೆ ಇಳಿಸಿ, ಬಟ್ಟೆಯಲ್ಲಿ ಸೋಸಿಕೊಳ್ಳಿರಿ.

ಈ ಅಂಟು ಎರಡು ದಿನಕ್ಕೆ ಹುಳಿಯುತ್ತದೆ, ಮಳೆಗಾಲದಲ್ಲಿ ಬೂಸು ಹಿಡಿಯುತ್ತದೆ. ಪುಸ್ತಕ ಕಟ್ಟುವವರು ತಮ್ಮ ಮೈದಾ ಅಂಟಿಗೆ ಹಾಕುವಂತೆ ಕಡಲೆಕಾಳಿನಷ್ಟು ಮೈಲುತುತ್ತವನ್ನು ಹಾಕಿದರೆ ಬಾಳಿಕೆ ಬರುತ್ತದೆ. ಆದರೆ ಮೈಲುತುತ್ತ ವಿಷ. ಅದನ್ನು ಹಾಕಿದ ಪಾತ್ರೆ ಮತ್ತೆ ಅಡಿಗೆಮನೆಗೆ ಹೋಗಬಾರದು; ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಆ ಗೊಡವೆಯೇ ಬೇಡ, ಪ್ರತಿ ಸಲ ಹೊಸ ಅಂಟು ಕಾಸಿಕೊಂಡರಾಯಿತು.

ಎಳೆ ಹಿರಿಯುವುದು

ಇಡೀ ಚಿತ್ರದ ಜೀವವಿರುವುದು ಈ ಹಂತದಲ್ಲಿ. ಇದರಲ್ಲಿ ಗೆರೆಯನ್ನು ಎಳೆಯುವುದಿಲ್ಲ. ಬಟ್ಟೆಯ ಒಂದೆರಡು ಎಳೆಗಳನ್ನು ಹಿರಿದು ತೆಗೆಯುವುದರಿಂದ ಉಂಟಾಗುವ ಸಂದೇ ಗೆರೆಯಾಗುತ್ತದೆ. ಹಾಸಿನ (ಉದ್ದುದ್ದ ಹೋಗುವ) ಎಳೆಗಳು ಹೋದೆಡೆ ಹೊಕ್ಕಿನ (ಅಡ್ಡ ಹಾಯುವ) ಎಳೆಗಳು ಮಾತ್ರ ಉಳಿದು, ಏಣಿಯ ಮೆಟ್ಟಿಲುಗಳಂತೆ ಅಡ್ಡಲಾಗಿ ನಿಲ್ಲುತ್ತವೆ. ಹಿಂದಿನ ಗೋಡೆಯ ನೆರಳು ಆ ಸಂದಿನಿಂದ ಇಣುಕುತ್ತದೆ.

ಮೊದಲು ಅಳತೆ. ಚೌಕಟ್ಟು 60 ಸೆಂ.ಮೀ. ಚೌಕದ್ದಾದರೆ ಸುತ್ತಲೂ 9 ಸೆಂ.ಮೀ. ಬಿಟ್ಟು ನಡುವೆ 42 ಸೆಂ.ಮೀ.ಯ ಅಂಗಳ ದೊರೆಯುತ್ತದೆ. ಅದರಲ್ಲಿ 3 ಸೆಂ.ಮೀ.ಗೊಂದರಂತೆ 15 ಗೆರೆಗಳು ಬರುತ್ತವೆ. ಸಮ ಅಂತರ ಬೇಡವೆಂದರೆ ಮೊದಲ ಎರಡು ಗೆರೆಗಳ ನಡುವೆ 1 ಸೆಂ.ಮೀ., ಮುಂದೆ 2, 3, 4 ಹೀಗೆ 8ರವರೆಗೆ ಹೆಚ್ಚಿಸುತ್ತ ಹೋಗಬಹುದು. ಆಗ 36 ಸೆಂ.ಮೀ.ಯಲ್ಲಿ 9 ಗೆರೆಗಳಾಗಿ, ಎಡದಲ್ಲಿ ಒತ್ತೊತ್ತಾಗಿ ಬಲಕ್ಕೆ ಉಸಿರು ಬಿಟ್ಟಂತೆ ಹರಡುತ್ತವೆ. ಎರಡನ್ನೂ ಮಾಡಿ ನೋಡಿದ್ದೇನೆ. ಮೊದಲ ಸಲ ಮಾಡುವವರಿಗೆ ಸಮ ಅಂತರವೇ ಸರಿ, ಏಕೆಂದರೆ ಅದರಲ್ಲಿ ಕೈ ಎಲ್ಲಿ ತಪ್ಪಿತೆಂಬುದು ಕೂಡಲೆ ಕಾಣುತ್ತದೆ. ಈ ಎರಡು ಬಿಟ್ಟು ಮೂರನೆಯದೊಂದು ವಿನ್ಯಾಸವನ್ನು ತಲೆಯಲ್ಲಿ ತುಂಬಿಕೊಳ್ಳಬೇಡಿರಿ.

ಬಟ್ಟೆಯನ್ನು ಮೇಜಿನ ಮೇಲೆ ಸಡಿಲವಾಗಿ ಹಾಸಿಕೊಂಡು ಈ ಕೆಲಸ ಮಾಡಬೇಕು. ಚೌಕಟ್ಟಿಗೆ ಬಿಗಿದ ಮೇಲೆ ಎಳೆಗಳು ಒಂದನ್ನೊಂದು ಕಚ್ಚಿಕೊಳ್ಳುವುದರಿಂದ ಜಾರುವುದಿಲ್ಲ. ಹಿರಿಯಬೇಕಾದ ಎಳೆಯನ್ನು ಅಂಗಳದ ನಡುಮಧ್ಯದಲ್ಲಿ ಬ್ಲೇಡಿನಿಂದ ಕತ್ತರಿಸಿ, ದಬ್ಬಣದ ಮೊನೆಯಿಂದ ಒಂದು ತುದಿಯನ್ನು ಮೇಲೆತ್ತಿ, ಅಂಗಳದ ಮೇಲಂಚಿನವರೆಗೆ ಒಂದೊಂದೇ ಮನೆ ಬಿಡಿಸುತ್ತ ಹೋಗಬೇಕು; ಇನ್ನೊಂದು ತುದಿಯನ್ನು ಹಾಗೆಯೇ ಕೆಳಗಂಚಿನವರೆಗೆ. ಬಿಡಿಸಿದ ತುದಿಯನ್ನು ಕತ್ತರಿಸದೆ ಹಿಂಬದಿಗೆ ದಾಟಿಸಿ, ಎರಡು ಬೆರಳಿನಷ್ಟು ಉದ್ದ ಉಳಿಸಿ, ಅಂಟು ಹಚ್ಚಿ ಒತ್ತಿದರೆ ಗೆರೆಯ ಕೊನೆ ಬಿಚ್ಚಿಕೊಳ್ಳದೆ ನಿಲ್ಲುತ್ತದೆ. ಪಕ್ಕದ ಇನ್ನೊಂದು ಎಳೆಯನ್ನೂ ಇದೇ ರೀತಿ ತೆಗೆದರೆ ಒಂದು ಗೆರೆ ಮುಗಿಯಿತು.

ಸೆಣಬಿನ ಎಳೆ ಎಲ್ಲೆಡೆ ಒಂದೇ ದಪ್ಪವಿರುವುದಿಲ್ಲ. ಗಂಟು ಬಂದಲ್ಲಿ ಜಗ್ಗಿದರೆ ಕಡಿದುಹೋಗುತ್ತದೆ. ನಾನು ಸಿಟ್ಟಿನಿಂದ ಜಗ್ಗುವುದನ್ನು ನೋಡಿ, ಗುಳೇದಗುಡ್ಡದಲ್ಲಿ ಖಣ ನೇಯುತ್ತಿದ್ದ ನಮ್ಮ ಓಣಿಯ ಹಿರಿಯರೊಬ್ಬರು, ‘ಜಗ್ಗಬ್ಯಾಡೋ ತಮ್ಮಾ, ಒಂದೀಟು ನೀರ ಚಿಮುಕ್ಸು, ಆಮ್ಯಾಲ ಎಳಿ ತಾನ ಬರ್ತದ’ ಎಂದರು. ಅಂದಿನಿಂದ ಒಂದು ಬಟ್ಟಲು ನೀರನ್ನು ಪಕ್ಕದಲ್ಲಿಟ್ಟುಕೊಂಡೇ ಕೂಡುತ್ತೇನೆ. ಬೆರಳು ಅದ್ದಿ ಸವರುವಷ್ಟೇ ನೀರು ಸಾಕು; ತೋಯ್ದರೆ ಎಳೆ ಉಬ್ಬಿ ಮತ್ತಷ್ಟು ಬಿಗಿಯುತ್ತದೆ. ಒಂದು ಗೆರೆಗೆ ಸುಮಾರು 20 ನಿಮಿಷ ಬೇಕು, 15 ಗೆರೆಗೆ 5 ತಾಸು. ಒಂದೇ ದಿನಕ್ಕೆ ಮುಗಿಸಹೋಗದೆ ದಿನಕ್ಕೆ ಐದರಂತೆ ಮಾಡಿದರೆ ಕೊನೆಯ ಗೆರೆಗಳೂ ಮೊದಲಿನವುಗಳಷ್ಟೇ ಸಾವಧಾನವಾಗಿ ಬರುತ್ತವೆ. ಅಲ್ಲಲ್ಲಿ ಎಳೆ ಕಡಿದು ಗೆರೆ ಕೊಂಚ ಸೊಟ್ಟಗಾದರೆ ತಿದ್ದುವ ಅಗತ್ಯವಿಲ್ಲ. ಆದರೆ ಬೇಕೆಂದೇ ಸೊಟ್ಟಗೆ ಮಾಡುವುದು ನಟನೆಯಾಗುತ್ತದೆ, ಅದು ನೋಡುವವರಿಗೆ ತಿಳಿಯದೆ ಇರದು.

ಚೌಕಟ್ಟು

ಬಡಿಗೇರರಲ್ಲಿ ಹಳೆಯ ಕಿಟಕಿಯ ಸಾಗವಾನಿ ಪಟ್ಟಿಗಳು ಸಿಕ್ಕರೆ ಅವೇ ಉತ್ತಮ. ಒಣಗಿ ಹದವಾದ ಕಟ್ಟಿಗೆ ಡೊಂಕಾಗುವುದಿಲ್ಲ. 2 ಅಂಗುಲ ಅಗಲ, 1 ಅಂಗುಲ ದಪ್ಪ ಸಾಕು. ಮೂಲೆಗಳಲ್ಲಿ ಬೆಣೆ ಹೊಡೆಯಲು ಸಂದು ಬಿಡುವಂತೆ ಹೇಳಿರಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದಾಗ 85 ಸೆಂ.ಮೀ. ಬಂದರೆ ಚೌಕ ಸರಿಯಾಗಿದೆ ಎಂದರ್ಥ. ಬಟ್ಟೆಯನ್ನು ಹಾಸಿ ನಾಲ್ಕೂ ಬದಿಯ ನಡುವೆ ಒಂದೊಂದು ಮೊಳೆ ಹೊಡೆದು, ಅಲ್ಲಿಂದ ಮೂಲೆಗಳತ್ತ ಎದುರುಬದುರಾಗಿ ಸರಿಯುತ್ತ ಬರಬೇಕು. ಹಿರಿದ ಗೆರೆಗಳು ಪಟ್ಟಿಗೆ ಸಮಾನಾಂತರವಾಗಿವೆಯೇ ಎಂದು ಪ್ರತಿ ಮೊಳೆಗೂ ನೋಡಿರಿ. ಒಂದು ಬದಿ ಹೆಚ್ಚು ಎಳೆದರೆ ಅಷ್ಟೂ ಗೆರೆಗಳು ಬಿಲ್ಲಿನಂತೆ ಬಾಗುತ್ತವೆ. ಬಿಗಿದಾದ ಮೇಲೆ ಅಂಟಿಗೆ ಅಷ್ಟೇ ನೀರು ಬೆರೆಸಿ ಮುಂದೆಯೂ ಹಿಂದೆಯೂ ಒಂದು ಕೈ ಹಚ್ಚಿ ಒಣಗಲು ಬಿಡಿರಿ.

ಲೇಪ

ಲೇಪಕ್ಕೆ ಮೊದಲು ಉಳಿದ ಗೋಣಿಯ 10 ಸೆಂ.ಮೀ. ತುಣುಕುಗಳ ಮೇಲೆ ಪರೀಕ್ಷೆ ಮಾಡಿಕೊಳ್ಳಬೇಕು. ನಾಲ್ಕು ಬಟ್ಟಲು ಮಣ್ಣಿನ ಹುಡಿ, ಒಂದು ಬಟ್ಟಲು ಸಣ್ಣ ಮರಳು, ಮೂರು ಬಟ್ಟಲು ಅಂಟು, ಅಂಬಲಿಯ ಹದಕ್ಕೆ ಬರುವಷ್ಟು ನೀರು: ಇಲ್ಲಿಂದ ಆರಂಭಿಸಿರಿ. ಒಣಗಿದ ಮೇಲೆ ಬಿಳಿ ಬಟ್ಟೆಯಿಂದ ಉಜ್ಜಿದಾಗ ಕಪ್ಪು ಹತ್ತಿದರೆ ಅಂಟು ಕಡಿಮೆಯಾಗಿದೆ. ಅಂಚು ಮುದುಡಿ ಹಪ್ಪಳದಂತೆ ಎದ್ದರೆ ಅಂಟು ಹೆಚ್ಚಾಗಿದೆ. ಬಿರುಕು ಅಗಲವಾದರೆ ಮರಳು ಸಾಲದು. ಪ್ರತಿ ಹೊಲದ ಮಣ್ಣಿಗೂ ಈ ಲೆಕ್ಕ ಬೇರೆಯಾಗುವುದರಿಂದ ನಿಮ್ಮದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿರಿ.

ಬಾಗಲಕೋಟೆ, ವಿಜಯಪುರದ ಬೇಸಿಗೆಯಲ್ಲಿ 40 ಡಿಗ್ರಿ ಬಿಸಿಗಾಳಿಗೆ ಲೇಪ ಒಂದು ತಾಸಿನಲ್ಲಿ ಒಣಗಿ ಸಿಡಿಯುತ್ತದೆ. ನವೆಂಬರ್‌ನಿಂದ ಫೆಬ್ರುವರಿ ಹಿತವಾದ ಕಾಲ. ಬೇಸಿಗೆಯಲ್ಲೇ ಮಾಡುವುದಾದರೆ ಸಂಜೆ ಹಚ್ಚಿ, ರಾತ್ರಿ ಬಾಗಿಲು ಹಾಕಿದ ಕೋಣೆಯಲ್ಲಿ ಅಡ್ಡ ಮಲಗಿಸಿಡಿರಿ.

ಬ್ರಷ್ ಬೇಡ, ಹಳೆಯ ಹತ್ತಿಬಟ್ಟೆಯ ಉಂಡೆ ಮತ್ತು ಅಂಗೈ ಸಾಕು. ಅಂಗಳ ಸಾರಿಸಿದಲ್ಲಿ ಕೈ ತಿರುಗಿದ ಕಮಾನು ಕಾಣುವುದನ್ನು ನೀವು ನೋಡಿರಬಹುದು. ಕೈಗೆ ಅಭ್ಯಾಸವಾದದ್ದು ಆ ಚಲನೆಯೇ ಆದ್ದರಿಂದ ಇಲ್ಲಿ ಅದನ್ನು ತಡೆದು, ಮೇಲಿನಿಂದ ಕೆಳಕ್ಕೆ ನೇರವಾಗಿ, ಹಿರಿದ ಗೆರೆಗಳ ದಿಕ್ಕಿನಲ್ಲೇ ಉಜ್ಜಬೇಕು. ಮೊದಲ ಪದರ ತೆಳುವಾಗಿ, ನೇಯ್ಗೆಯ ತೂತುಗಳಷ್ಟೇ ತುಂಬುವಂತಿರಲಿ. ಪೂರ್ತಿ ಒಣಗಿದ ಮೇಲೆ ಎರಡನೆಯದು, ಮತ್ತೊಂದು ದಿನ ಬಿಟ್ಟು ಮೂರನೆಯದು. ಪ್ರತಿ ಪದರ ಹಸಿಯಿರುವಾಗಲೇ ಚೌಕಟ್ಟನ್ನು ಎತ್ತಿ ಹಿಂಬದಿಯಿಂದ ಸಂದುಗಳನ್ನು ನೋಡಿ, ಮಣ್ಣು ತುಂಬಿದ್ದರೆ ದಬ್ಬಣದಿಂದ ಬಿಡಿಸಿರಿ. ಒಣಗಿದ ಮೇಲೆ ಬಿಡಿಸಹೋದರೆ ಪಕ್ಕದ ಲೇಪವೂ ಕಿತ್ತುಬರುತ್ತದೆ. ಅಂಗಳದ ಕೆಳಗಿನಿಂದ ಮೂರನೆಯ ಒಂದು ಭಾಗದ ಎತ್ತರದಲ್ಲಿ, ಅಡ್ಡಲಾಗಿ, 2 ಸೆಂ.ಮೀ. ಅಗಲದ ಒಂದು ಪಟ್ಟಿಗೆ ಮಣ್ಣು ಹಚ್ಚದೆ ಬರಿಯ ಗೋಣಿಯಾಗಿಯೇ ಬಿಡಬೇಕು. ಟೇಪ್ ಅಂಟಿಸಿದರೆ ಅಂಚು ಚಾಕುವಿನಿಂದ ಕೊಯ್ದಂತಾಗುತ್ತದೆ. ಒಂದು ಮರದ ಪಟ್ಟಿಯನ್ನು ಅಡ್ಡಹಿಡಿದು ಹಚ್ಚಿದರೆ ಮೃದುವಾಗಿ ಬರುತ್ತದೆ.

ಬಿಳಿ ಬೇಕಾದವರು ಮಣ್ಣಿನ ಬದಲು ಖಡುವಿನ (ಚಾಕಿನ) ಹುಡಿಯನ್ನು ಬಳಸಬಹುದು. ಸುಣ್ಣವನ್ನು ಗೋಣಿಯ ಮೇಲೆ ನಾನು ಹಚ್ಚುವುದಿಲ್ಲ. ಅದರ ಕ್ಷಾರ ನಾರನ್ನು ತಿನ್ನುತ್ತದೆ, ಕಣ್ಣಿಗೆ ಸಿಡಿದರೆ ಅಪಾಯವೂ ಹೌದು.

ಒಂದು ಎಳೆ

ಬಿಟ್ಟ ಪಟ್ಟಿಯ ನಡುವೆ ಬರುವ ಒಂದು ಹೊಲಿಗೆಯೇ ಈ ಚಿತ್ರದಲ್ಲಿ ನಾವು ಸೇರಿಸುವ ಏಕೈಕ ಗೆರೆ. ಅದಕ್ಕೆ ಇಳಕಲ್ಲಿನ ಮಗ್ಗಗಳಲ್ಲಿ ಸೀರೆ ಕತ್ತರಿಸಿದ ಮೇಲೆ ಉಳಿಯುವ ಹಾಸಿನ ತುದಿಗಳನ್ನು ಕೇಳಿ ತಂದುಕೊಂಡಿದ್ದೇನೆ. ಬಿಳಿ ಹತ್ತಿಯ ನೂಲಾದರೂ ಸಾಕು. ಹೊಲಿಗೆ ಕಸೂತಿಯ ಗವಂತಿ. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಬಗೆಗಳಿದ್ದು, ಗವಂತಿಯಲ್ಲಿ ಮುಂದೆ ಹಿಂದೆ ಎರಡೂ ಕಡೆ ಒಂದೇ ರೂಪ ಬರುತ್ತದೆ, ಗಂಟು ಹಾಕುವಂತಿಲ್ಲ. ನಾಲ್ಕು ಎಳೆ ಎಣಿಸಿ ಮೇಲೆ, ನಾಲ್ಕು ಎಳೆ ಎಣಿಸಿ ಕೆಳಗೆ ಹೊಲಿಯುತ್ತ ಬಲತುದಿ ಮುಟ್ಟಿ, ಅದೇ ದಾರಿಯಲ್ಲಿ ಹಿಂದಿರುಗುತ್ತ ಖಾಲಿ ಬಿಟ್ಟ ಮನೆಗಳನ್ನು ತುಂಬಬೇಕು. ಹಿರಿದ ಗೆರೆಗಳು ಅಡ್ಡ ಬಂದಲ್ಲಿ ಎಣಿಸಲು ಹಾಸಿನ ಎಳೆಗಳೇ ಇರುವುದಿಲ್ಲ. ಅಲ್ಲಿ ನೂಲು ಆಧಾರವಿಲ್ಲದೆ ಸಂದಿನ ಮೇಲೆ ತೇಲಿ ಆಚೆ ದಡ ಮುಟ್ಟುತ್ತದೆ. ಆ 15 ಜಾಗಗಳಲ್ಲಿ ನೂಲನ್ನು ಬಿಗಿಯಬೇಡಿರಿ. ಬಿಗಿದರೆ ಸಂದು ಮುಚ್ಚಿಕೊಳ್ಳುತ್ತದೆ. ಅಕ್ಕಿಕಾಳಿನಷ್ಟು ಸಡಿಲ ಬಿಟ್ಟರೆ ಬೆಳಕು ಓರೆಯಾಗಿ ಬಿದ್ದಾಗ ಪ್ರತಿ ಸಂದಿನಲ್ಲಿಯೂ ನೂಲಿನ ಸಣ್ಣ ನೆರಳು ಕಾಣುತ್ತದೆ.

ಗೋಡೆಗೆ

ಚಿತ್ರ ಮುಗಿಯಿತೆನಿಸಿದ ಮೇಲೆ ಮೂರು ದಿನ ಅದನ್ನು ಮುಟ್ಟದೆ, ಹೋಗುತ್ತ ಬರುತ್ತ ನೋಡುವಂತಹ ಜಾಗದಲ್ಲಿಡಿರಿ. ಇನ್ನೊಂದು ಹೊಲಿಗೆ ಹಾಕಬೇಕು, ಒಂದು ಕೆಂಪು ಚುಕ್ಕೆ ಇಡಬೇಕು ಎಂಬ ಆಸೆ ಎರಡನೆಯ ದಿನ ಖಂಡಿತ ಬರುತ್ತದೆ. ಆ ಆಸೆಯನ್ನು ನೋಟ್‌ಬುಕ್ಕಿನಲ್ಲಿ ಬರೆದು ಮುಂದಿನ ಚಿತ್ರಕ್ಕೆ ಇಟ್ಟುಕೊಳ್ಳಿರಿ.

ಗಾಜು ಹಾಕಿಸಬಾರದು; ಮಣ್ಣಿನ ಒರಟು ಗಾಜಿನ ಹಿಂದೆ ಸತ್ತುಹೋಗುತ್ತದೆ. ಬಾಗಿಲು ಅಥವಾ ಕಿಟಕಿಯ ಬೆಳಕು ಪಕ್ಕದಿಂದ ಬೀಳುವ ಗೋಡೆಯನ್ನು ಆರಿಸಿ, ಹಿಂಬದಿಯ ನಾಲ್ಕು ಮೂಲೆಗೆ ಬೆಂಡಿನ ತುಣುಕುಗಳನ್ನು ಅಂಟಿಸಿ ಗೋಡೆಯಿಂದ ಒಂದು ಬೆರಳು ದೂರ ನಿಲ್ಲುವಂತೆ ಚೀಲದ ಸುತಳಿಯಿಂದಲೇ ತೂಗುಹಾಕಿರಿ. ಹಿಂಬದಿಯ ಕಟ್ಟಿಗೆಯ ಮೇಲೆ ಮಣ್ಣು ಯಾವ ಹೊಲದ್ದು, ಅಂಟಿನ ಪ್ರಮಾಣ ಎಷ್ಟು, ಲೇಪ ಹಚ್ಚಿದ್ದು ಯಾವ ತಿಂಗಳಲ್ಲಿ ಎಂಬುದನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಮೊದಲ ಮಳೆಗಾಲದಲ್ಲಿ ಗೋಣಿ ತೇವ ಹೀರಿ ಕೊಂಚ ಜೋಲುತ್ತದೆ. ಗಾಬರಿಯಾಗಿ ಆಗಲೇ ಬೆಣೆ ಹೊಡೆಯಬೇಡಿರಿ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ತಾನೇ ಬಿಗಿಯುತ್ತದೆ. ಆಗಲೂ ಜೋಲು ಉಳಿದಿದ್ದರೆ ನಾಲ್ಕೂ ಮೂಲೆಯ ಬೆಣೆಗಳಿಗೆ ಒಂದೊಂದೇ ಹಗುರವಾದ ಏಟು ಹಾಕಿರಿ.